ಸ್ಟೇರಿಂಗ್ ಎಳೆದರೆ ಎಲ್ಲಕ್ಕೂ ಅಲೈನ್‌ಮೆಂಟೇ ಮದ್ದಲ್ಲ

ಶ್ರಾವಣ ಬಂತೆಂದರೆ ಆದವಾನಿಯಿಂದ ಮಂತ್ರಾಲಯ, ಉರುಕುಂದದ ಕಡೆಗೆ ಹೊರಡುವ ಗಾಡಿಗಳಲ್ಲಿ ಅರ್ಧ ಮನೆಯೇ ಇರುತ್ತದೆ. ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಸಿರುತ್ತಾರೆ. ಮೂಲೆಯಲ್ಲಿ ಒಲೆ, ಅಕ್ಕಿ ಚೀಲ, ಪಾತ್ರೆ ಬುಟ್ಟಿ. ಹಿಂಬಾಗಿಲ ಹತ್ತಿರ ನೀರಿನ ಡ್ರಮ್ಮು. ಮೇಲಿನ ಕ್ಯಾರಿಯರ್ ತುಂಬ ಗಂಟುಮೂಟೆ. ಕ್ಯಾರವಾನ್ ಎಂದರೆ ಸಿನಿಮಾದವರು ಮೇಕಪ್ ಮಾಡಿಕೊಳ್ಳುವ ಗಾಡಿ ಎಂದಷ್ಟೇ ತಿಳಿದಿದ್ದ ನಮ್ಮಲ್ಲಿ, ಒಳಗೇ ಅಡುಗೆಕಟ್ಟೆ, ಬಚ್ಚಲು, ಮಂಚ ಕೂರಿಸಿದ ಗಾಡಿ ಮಾಡಿಸುವವರೂ ಇದ್ದಾರೆ. ಈ ಮನೆಗಾಡಿಗಳವರೆಲ್ಲರ ದೂರು ಒಂದೇ. ನೇರ ರಸ್ತೆಯಲ್ಲೂ ಗಾಡಿ ನೇರ ಹೋಗುವುದಿಲ್ಲ, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ತಿದ್ದುತ್ತಲೇ ಇರಬೇಕು, ನೂರು ಕಿಲೋಮೀಟರ್ ಓಡಿಸುವುದರೊಳಗೆ ಭುಜ ನೋಯುತ್ತದೆ.

ಅವರಿಗೆ ಸಿಗುವ ಸಲಹೆಯೂ ಒಂದೇ: ಅಲೈನ್‌ಮೆಂಟ್ ಮಾಡಿಸಿ. ಪಂಕ್ಚರ್ ಅಂಗಡಿಯವನು, ಪಕ್ಕದ ಮನೆಯವರು, ಟೀ ಅಂಗಡಿಯಲ್ಲಿ ನಿಂತ ಇನ್ನೊಬ್ಬ ಡ್ರೈವರ್, ಎಲ್ಲರೂ ಅದನ್ನೇ ಹೇಳುತ್ತಾರೆ. ನಾವೂ ಹಾಗೇ ನಂಬಿದ್ದವರು. ದುಡ್ಡು ಕೊಟ್ಟು ಬಂದ ಮೇಲೆ ಎರಡು ದಿನ ಸರಿಹೋಯಿತು ಅನ್ನಿಸುತ್ತದೆ, ಮೂರನೇ ದಿನ ಮತ್ತದೇ ಪಾಡು. ಆಗ ಶೆಡ್‌ನವನನ್ನು ಬೈಯುತ್ತೇವೆ. ಪಾಪ, ತಪ್ಪು ಎಷ್ಟೋ ಸಲ ಅವನದಾಗಿರುವುದಿಲ್ಲ. ಅಲೈನ್‌ಮೆಂಟ್ ಬೇಕು, ಖಂಡಿತ ಬೇಕು. ಆದರೆ ಅದು ಕೊನೆಯಲ್ಲಿ ಮಾಡಿಸುವ ಕೆಲಸ. ನಾವು ಅದನ್ನು ಮೊದಲಿಗೆ ಮಾಡಿಸುತ್ತೇವೆ.

ತಪ್ಪು ಕಲ್ಪನೆ: ಗಾಡಿ ಅತ್ತಿತ್ತ ಓಲಾಡುತ್ತಿದ್ದರೆ ಅಲೈನ್‌ಮೆಂಟ್ ಹೋಗಿದೆ ಎಂದೇ ಅರ್ಥ.

ವಾಸ್ತವ: ಅಲೈನ್‌ಮೆಂಟ್ ಅಂದರೆ ಗಾಲಿಗಳು ನಿಂತಿರುವ ಕೋನವನ್ನು ಕಂಪನಿ ಹೇಳಿದ ಅಳತೆಗೆ ತರುವುದು. ಗಾಲಿಯನ್ನು ಹಿಡಿದಿರುವ ಭಾಗಗಳೇ ಸಡಿಲವಾಗಿದ್ದರೆ ಆ ಕೋನ ಶೆಡ್‌ನಲ್ಲಿ ನಿಂತಾಗ ಒಂದು, ರಸ್ತೆಯಲ್ಲಿ ಓಡುವಾಗ ಇನ್ನೊಂದು. ಗಾಲಿ ತಿರುಗುವ ಕೀಲಾದ ಕಿಂಗ್‌ಪಿನ್ನಿನ ಬುಷ್ ಸವೆದಿರಬಹುದು, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಟೈರಾಡ್‌ನ ಎಂಡ್ ಆಟ ಕೊಡುತ್ತಿರಬಹುದು, ಹಬ್ ಬೇರಿಂಗ್ ಲೂಸಾಗಿರಬಹುದು, ಸ್ಪ್ರಿಂಗ್ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿದ ಯೂ-ಬೋಲ್ಟ್ ಸಡಿಲಿರಬಹುದು, ಸ್ಟೇರಿಂಗ್ ಬಾಕ್ಸ್ ಒಳಗೇ ಸವೆತ ಇರಬಹುದು. ಇವುಗಳಲ್ಲಿ ಒಂದಿದ್ದರೂ ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆಯೇ.

ನೋಡುವ ಕ್ರಮ ಕಷ್ಟದ್ದಲ್ಲ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಜಾಕಿಯ ಮೇಲೆತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೆಳಗೆ ತಲೆ ಹಾಕಬೇಡಿ. ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಎಡಕ್ಕೊಂದು ಬಲಕ್ಕೊಂದು ಕೈಯಿಟ್ಟು ಅಲುಗಾಡಿಸಿದಾಗ ಆಟ ಬಂದರೆ ಟೈರಾಡ್ ಕಡೆ ನೋಡಬೇಕು. ಹಳೇ ಮೇಸ್ತ್ರಿಗಳು ಅಲೈನ್‌ಮೆಂಟ್ ಅಂದ ಕೂಡಲೇ ಮೊದಲು ಜಾಕಿ ತರುವುದು ಇದಕ್ಕೇ. ಜಾಕಿ ಮುಟ್ಟದೆ ನೇರ ಮಿಷನ್ನಿಗೆ ಗಾಡಿ ಹತ್ತಿಸುವ ಶೆಡ್ ಎಷ್ಟೇ ಹೊಸದಾಗಿರಲಿ, ನಮ್ಮ ಲೆಕ್ಕದಲ್ಲಿ ಅದು ಅರ್ಧ ಕೆಲಸ.

ತಪ್ಪು ಕಲ್ಪನೆ: ಸ್ಟೇರಿಂಗ್ ನಡುಗುವುದೂ ಗಾಡಿ ಒಂದು ಕಡೆಗೆ ಎಳೆಯುವುದೂ ಒಂದೇ ರೋಗ.

ವಾಸ್ತವ: ಎರಡು ಬೇರೆ. ಒಂದು ವೇಗಕ್ಕೆ ಬಂದಾಗ ನಡುಕ ಶುರುವಾಗಿ, ಆ ವೇಗ ದಾಟಿದರೆ ಕಡಿಮೆಯಾಗುವುದಾದರೆ ಅದು ಬ್ಯಾಲೆನ್ಸಿಂಗ್‌ನ ಮಾತು: ಗಾಲಿಯ ಒಂದು ಕಡೆ ತೂಕ ಹೆಚ್ಚಿದೆ. ಎಳೆತ ಹಾಗಲ್ಲ, ಅದು ಎಲ್ಲ ವೇಗದಲ್ಲೂ ಇರುತ್ತದೆ.

ನಮ್ಮ ಕಡೆ ನಡುಕಕ್ಕೊಂದು ವಿಶೇಷ ಕಾರಣವಿದೆ. ಎರೆ ಮಣ್ಣು. ಮಳೆಗಾಲದಲ್ಲಿ ಕೌತಾಳಂ, ಕೋಸಿಗಿ, ಹೊಳಗುಂದದ ಹಳ್ಳಿ ದಾರಿಗೆ ಇಳಿದು ಬಂದ ಗಾಡಿಯ ರಿಮ್ಮಿನ ಒಳಮೈಗೆ ಈ ಮಣ್ಣು ಮೆತ್ತಿಕೊಳ್ಳುತ್ತದೆ. ಒಣಗಿದರೆ ಗಟ್ಟಿ ಹೆಂಟೆ. ಬ್ಯಾಲೆನ್ಸಿಂಗ್ ಮಾಡುವವರು ರಿಮ್ಮಿಗೆ ಹೊಡೆಯುವ ಸೀಸದ ತುಂಡು ಗ್ರಾಂ ಲೆಕ್ಕದ್ದು; ಈ ಹೆಂಟೆ ಅದಕ್ಕಿಂತ ಎಷ್ಟೋ ಭಾರ. ಹೊರಗಿನಿಂದ ತೊಳೆದ ಗಾಡಿ ಫಳಫಳ ಹೊಳೆಯುತ್ತಿರುತ್ತದೆ, ಒಳಗಿನ ಹೆಂಟೆ ಹಾಗೇ ಇರುತ್ತದೆ. ಹೆದ್ದಾರಿಗೆ ಬಂದಾಗ ಸ್ಟೇರಿಂಗ್ ನಡುಗುತ್ತದೆ. ಶೆಡ್‌ಗೆ ಹೋಗುವ ಮೊದಲು ರಿಮ್ಮಿನ ಹಿಂಬದಿಗೆ ಪೈಪಿನಿಂದ ಜೋರಾಗಿ ನೀರು ಬಿಡಿಸಿ ನೋಡಿ.

ತಪ್ಪು ಕಲ್ಪನೆ: ಕೈ ಬಿಟ್ಟರೆ ಗಾಡಿ ಬಾಣದ ಹಾಗೆ ನೇರ ಹೋಗಬೇಕು, ಎಡಕ್ಕೆ ಸರಿದರೆ ಅಲೈನ್‌ಮೆಂಟ್ ಕೆಟ್ಟಿದೆ.

ವಾಸ್ತವ: ನಮ್ಮ ರಸ್ತೆಗಳು ಸಪಾಟಾಗಿಲ್ಲ, ಇರಲೂಬಾರದು. ಮಳೆ ನೀರು ಹರಿದುಹೋಗಲಿ ಎಂದು ಡಾಂಬರು ರಸ್ತೆಯ ನಡುವನ್ನು ಎತ್ತರಿಸಿ ಎರಡೂ ಅಂಚಿಗೆ ಸುಮಾರು 2ರಿಂದ 2.5 ಶೇಕಡ ಇಳಿಜಾರು ಕೊಟ್ಟಿರುತ್ತಾರೆ. ಎಡಗಡೆ ಓಡಿಸುವ ನಮ್ಮ ಗಾಡಿ ಆ ಇಳಿಜಾರಿನ ಮೇಲೇ ಓಡುತ್ತದೆ. ಕೈ ಸಡಿಲಿಸಿದರೆ ನಿಧಾನವಾಗಿ ಎಡಕ್ಕೆ ಜಾರುವುದು ಸಹಜ. ಎರೆ ನೆಲದಲ್ಲಿ ಇದು ಇನ್ನೂ ಹೆಚ್ಚು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಮೇಲೆ ಹಾಸಿದ ಡಾಂಬರು ಅದರೊಂದಿಗೇ ಏರಿಳಿಯುತ್ತದೆ. ಅಂಚು ಕುಸಿಯುತ್ತದೆ, ನಡುವೆ ಅಲೆಯೇಳುತ್ತದೆ.

ಇದರ ಮೇಲೆ ಗಾಳಿ. ಆಷಾಢ, ಶ್ರಾವಣದಲ್ಲಿ ಪಡುವಣ ಗಾಳಿ ಈ ಬಯಲುಸೀಮೆಯಲ್ಲಿ ಹೇಗೆ ಬೀಸುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಸ್ಪರಿ ಸುತ್ತ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಆದವಾನಿಯಿಂದ ಮಂತ್ರಾಲಯ ಹೆಚ್ಚುಕಡಿಮೆ ಉತ್ತರಕ್ಕಿದೆ. ಅಂದರೆ ಹೋಗುವಾಗ ಪಡುವಣ ಗಾಳಿ ಗಾಡಿಯ ಎಡ ಮಗ್ಗುಲಿಗೆ ಹೊಡೆಯುತ್ತದೆ, ಬರುವಾಗ ಬಲ ಮಗ್ಗುಲಿಗೆ. ಎತ್ತರದ ಪೆಟ್ಟಿಗೆಯಂಥ ಗಾಡಿಗೆ ಆ ಮಗ್ಗುಲೇ ಹಾಯಿ. ಎದುರಿಗೆ ಹತ್ತಿ ಬೇಲು ಹೇರಿದ ಲಾರಿ ಬಂದು ದಾಟಿಹೋದರೆ ಅದರ ಗಾಳಿ ಮೊದಲು ಆಚೆ ತಳ್ಳಿ, ಆಮೇಲೆ ತನ್ನ ಕಡೆ ಸೆಳೆಯುತ್ತದೆ.

ಒಂದು ಪರೀಕ್ಷೆ ಇಲ್ಲಿಂದಲೇ ಸಿಗುತ್ತದೆ. ಅದಕ್ಕೆ ಮಿಷನ್ ಬೇಡ. ಹೋಗುವಾಗ ಬಲಕ್ಕೆ, ಅದೇ ದಿನ ಬರುವಾಗ ಎಡಕ್ಕೆ ಎಳೆದರೆ ಅದು ಗಾಳಿ. ಗಾಳಿಯಿಲ್ಲದ ಬೆಳಗಿನ ಹೊತ್ತು ಎರಡು ಸಲವೂ ಎಡಕ್ಕೆ ಮೆಲ್ಲಗೆ ಸರಿದರೆ ಹೆಚ್ಚಾಗಿ ರಸ್ತೆಯ ಇಳಿಜಾರು. ಸಪಾಟು ಬಯಲಿನಲ್ಲೂ, ಗಾಳಿಯಿಲ್ಲದಾಗಲೂ, ಎತ್ತ ಮುಖ ಮಾಡಿ ಓಡಿಸಿದರೂ ಒಂದೇ ಕಡೆಗೆ ಎಳೆದರೆ ಮಾತ್ರ ತಪ್ಪು ಗಾಡಿಯಲ್ಲಿದೆ. ಆಗಲೂ ಅಲೈನ್‌ಮೆಂಟ್ ಅಂತಲೇ ಹೇಳಲಾಗದು. ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿ ನೋಡಿ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ರಿಮ್ಮುಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಆ ಗಾಲಿಯ ಬ್ರೇಕ್ ಹಿಡಿದುಕೊಂಡಿದೆ.

ತಪ್ಪು ಕಲ್ಪನೆ: ಕೆಲವು ತಿರುವು, ಕೆಲವು ಸೇತುವೆಯ ಬಳಿ ಗಾಡಿಯನ್ನು ಏನೋ ಎಳೆಯುತ್ತದೆ, ನಿಂಬೆಹಣ್ಣು ತುಳಿಸಿ ದೃಷ್ಟಿ ತೆಗೆಸಿದರೆ ನಿಲ್ಲುತ್ತದೆ.

ವಾಸ್ತವ: ಎಳೆಯುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅಲ್ಲಿ ಎಳೆಯುತ್ತದೆ. ಒಂದೇ ಜಾಗದಲ್ಲಿ ಹಲವರ ಕೈಯಲ್ಲಿ ಸ್ಟೇರಿಂಗ್ ತಿರುಗಿದೆಯೆಂದರೆ ಕಾರಣ ಆ ಜಾಗದಲ್ಲೇ ಇರುತ್ತದೆ. ಮಾಧವರಂ ಹತ್ತಿರ ತುಂಗಭದ್ರೆ ದಾಟುವಾಗ ನೋಡಿ: ಅಷ್ಟು ಹೊತ್ತು ಮರ, ಮನೆ, ದಿಬ್ಬ ತಡೆದ ಗಾಳಿಗೆ ನದಿಯ ಮೇಲೆ ಯಾವ ತಡೆಯೂ ಇಲ್ಲ. ಸೇತುವೆಗೆ ಕಾಲಿಟ್ಟ ಕೂಡಲೇ ಮಗ್ಗುಲಿಗೆ ಪೆಟ್ಟು. ಇನ್ನು ಕಾಲುವೆ ದಾಟುವ ಕಡೆ, ಏರಿ ಮೇಲೆ ಹಾಕಿದ ರಸ್ತೆ ಸೇತುವೆಗೆ ಕೂಡುವಲ್ಲಿ ಮಣ್ಣು ಕೂತು ತಗ್ಗು ಬಿದ್ದಿರುತ್ತದೆ. ಒಂದು ಗಾಲಿ ತಗ್ಗಿಗೆ ಇಳಿದಾಗ ಗಾಡಿ ಆ ಕಡೆ ವಾಲುತ್ತದೆ. ಅಪಘಾತ ಆದ ಜಾಗದಲ್ಲೇ ಮತ್ತೆ ಅಪಘಾತ ಆಗುವುದು ಇದರಿಂದ. ತಗ್ಗು ಹಾಗೇ ಇರುತ್ತದಲ್ಲ.

ಪೂಜೆಯ ಬಗ್ಗೆ ನಮಗೆ ತಕರಾರಿಲ್ಲ. ಹೊಸ ಗಾಡಿಯನ್ನು ರಾಯರ ಮಠದ ಮುಂದೆ, ಉರುಕುಂದ ಈರಣ್ಣನ ಮುಂದೆ ನಿಲ್ಲಿಸಿ ಬರುವುದು ನಮ್ಮ ಮನೆಗಳಲ್ಲೂ ನಡೆದದ್ದೇ. ಅಮಾವಾಸ್ಯೆಗೆ ಗಾಡಿ ತೊಳೆದು ಕುಂಬಳಕಾಯಿ ಒಡೆಯುವವರು ತಿಂಗಳಿಗೊಮ್ಮೆಯಾದರೂ ನಾಲ್ಕೂ ಗಾಲಿಯ ಹತ್ತಿರ ಕೂರುತ್ತಾರೆ, ಅದೇ ಒಂದು ಲಾಭ. ಕೂತಾಗ ಇನ್ನೊಂದು ಕೆಲಸ ಮಾಡಿ. ಮುಂದಿನ ಟೈರಿನ ಮೈಮೇಲೆ ಅಂಗೈಯನ್ನು ಹೊರ ಅಂಚಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ ಜಾರಿ ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿದರೆ ಟೈರು ಅಡ್ಡಕ್ಕೆ ಉಜ್ಜುತ್ತಿದೆ. ಒಳಗಿನಿಂದ ಹೊರಕ್ಕೆ ಎಳೆದಾಗ ಚುಚ್ಚಿದರೆ ಗಾಲಿಗಳ ಮೂತಿ ಅತಿಯಾಗಿ ಒಳಕ್ಕೆ ತಿರುಗಿದೆ. ಹೊರಗಿನಿಂದ ಒಳಕ್ಕೆ ಎಳೆದಾಗ ಚುಚ್ಚಿದರೆ ಹೊರಕ್ಕೆ. ನಿಂಬೆಹಣ್ಣು ಈ ಸುದ್ದಿ ಕೊಡುವುದಿಲ್ಲ, ಅಂಗೈ ಕೊಡುತ್ತದೆ.

ತಪ್ಪು ಕಲ್ಪನೆ: ಒಟ್ಟು ಭಾರ ಮಿತಿಯೊಳಗಿದ್ದರೆ ಸಾಮಾನು ಎಲ್ಲಿಟ್ಟರೂ ಒಂದೇ, ಭಾರ ಹೆಚ್ಚೆನಿಸಿದರೆ ಹಿಂದೆ ಒಂದೆರಡು ಸ್ಪ್ರಿಂಗ್ ಪಟ್ಟಿ ಹೆಚ್ಚಿಗೆ ಹಾಕಿಸಿದರಾಯಿತು.

ವಾಸ್ತವ: ಮನೆಗಾಡಿಗಳ ಸ್ಟೇರಿಂಗ್ ಕೆಡಿಸುವ ದೊಡ್ಡ ಕಾರಣ ಇದು. ನಮ್ಮಲ್ಲಿ ಬಹಳ ಜನ ಎಣಿಕೆಗೇ ತೆಗೆದುಕೊಳ್ಳದ ಕಾರಣವೂ ಇದೇ.

ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ಗಾಡಿಯ ಮೂತಿಯನ್ನು ಎತ್ತುತ್ತದೆ. ಲೆಕ್ಕ ಹಾಕೋಣ. ಟ್ರಾವೆಲರ್ 3350 ಎನ್ನುವ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 3,350 ಮಿಲಿಮೀಟರ್. ಹಿಂಬಾಗಿಲ ಹತ್ತಿರ, ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ, 200 ಲೀಟರ್ ನೀರಿನ ಡ್ರಮ್ಮು ಮತ್ತು 100 ಕಿಲೋ ಅಕ್ಕಿ, ಪಾತ್ರೆ, ಸಿಲಿಂಡರ್ ಇಟ್ಟಿರಿ ಅನ್ನಿ. ಒಟ್ಟು 300 ಕಿಲೋ. ಮುಂದಿನ ಗಾಲಿಗಳ ಮೇಲಿನ ಭಾರ ಸುಮಾರು 90 ಕಿಲೋ ಇಳಿದುಹೋಗುತ್ತದೆ. ಹಿಂದಿನ ಆಕ್ಸಲ್ 300 ಹೊರುವುದಿಲ್ಲ, 390 ಹೊರುತ್ತದೆ. ತಿರುಗಿಸುವ ಗಾಲಿಗೆ ನೆಲದ ಹಿಡಿತ ಬರುವುದು ಮೇಲಿನ ಭಾರದಿಂದ. ಭಾರ ಹೋದರೆ ಹಿಡಿತ ಹೋಯಿತು, ಸ್ಟೇರಿಂಗ್ ಹಗುರಾಗಿ ತೇಲುತ್ತದೆ. ಓಡಿಸುವವರು ಅದನ್ನು ಅಲೈನ್‌ಮೆಂಟ್ ದೋಷ ಅಂದುಕೊಳ್ಳುತ್ತಾರೆ. ಅದೇ ಡ್ರಮ್ಮನ್ನು ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರವಾಗಿ ಕೂರಿಸಿ ನೋಡಿ. ಒಂದು ಸ್ಪ್ಯಾನರ್ ಮುಟ್ಟದೆ ಅರ್ಧ ದೋಷ ಹೋಗಿರುತ್ತದೆ. ಅರೆತುಂಬಿದ ಡ್ರಮ್ಮು ಇನ್ನೂ ಕೆಟ್ಟದ್ದು. ನೀರು ಕುಲುಕಿದಾಗಲೆಲ್ಲ ಭಾರ ಅತ್ತಿತ್ತ ಓಡುತ್ತದೆ.

ಪಟ್ಟಿ ಹೆಚ್ಚಿಸುವ ಉಪಾಯ ಕೂತ ಬೆನ್ನನ್ನು ಎತ್ತುತ್ತದೆ ನಿಜ, ಮುಂದಿನ ಗಾಲಿಯಿಂದ ಹೋದ 90 ಕಿಲೋವನ್ನು ವಾಪಸ್ ತರುವುದಿಲ್ಲ. ಸಾಮಾನು ಇಳಿಸಿ ಖಾಲಿ ಓಡಿಸುವಾಗ ಇನ್ನೊಂದು ಪೇಚು: ಹಿಂಭಾಗ ಎತ್ತರಕ್ಕೆ ನಿಂತು ಗಾಡಿ ಮೂತಿ ಬಗ್ಗಿಸುತ್ತದೆ. ಆಗ ಕ್ಯಾಸ್ಟರ್ ಎಂಬ ಕೋನ ಕಡಿಮೆಯಾಗಿ, ತಿರುಗಿಸಿದ ಸ್ಟೇರಿಂಗ್ ತಾನೇ ವಾಪಸ್ ಬರುವ ಗುಣ ಕುಗ್ಗುತ್ತದೆ. ಕ್ಯಾಸ್ಟರ್ ವಿಷಯ ಮುಂದೆ ಬರುತ್ತದೆ. ಪಟ್ಟಿ ಹೆಚ್ಚಿದರೆ ಆರ್‌ಸಿಯಲ್ಲಿ ಬರೆದ ಭಾರದ ಮಿತಿ ಹೆಚ್ಚುವುದಿಲ್ಲ ಎನ್ನುವುದೂ ನೆನಪಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯ ವಿವರಕ್ಕೆ ಹೊಂದದಂಥ ಬದಲಾವಣೆಯನ್ನು ನಮ್ಮಷ್ಟಕ್ಕೆ ನಾವು ಮಾಡಿಕೊಳ್ಳಲು ಬಿಡುವುದಿಲ್ಲ. ಸೀಟು ಬಿಚ್ಚಿ ಮಂಚ ಕೂರಿಸುವವರು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಆದವಾನಿಯವರಿಗೆ ಇಲ್ಲೊಂದು ಅನುಕೂಲವಿದೆ. ಹತ್ತಿ ಮಾರುಕಟ್ಟೆಯ ಊರು. ಲಾರಿ ತೂಗುವ ಕಾಟಾಕ್ಕೆ ಬರವಿಲ್ಲ. ಯಾತ್ರೆಗೆ ಹೊರಡುವ ಹಾಗೆಯೇ ನೀರು, ಸಾಮಾನು, ಜನ ತುಂಬಿಕೊಂಡು ಒಂದು ಕಾಟಾಕ್ಕೆ ಹೋಗಿ. ಮೊದಲು ಮುಂದಿನ ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ. ಎರಡು ಚೀಟಿ. ಕಂಪನಿ ಕೊಟ್ಟ ಪುಸ್ತಕದಲ್ಲಿ ಆಕ್ಸಲ್ ಲೆಕ್ಕದ ಮಿತಿ ಇರುತ್ತದೆ, ಹೋಲಿಸಿ. ಕಾಟಾದವನು ವಿಚಿತ್ರವಾಗಿ ನೋಡಬಹುದು, ನೋಡಲಿ.

ತಪ್ಪು ಕಲ್ಪನೆ: ಬಿಸಿಲುಕಾಲದಲ್ಲಿ ಟೈರು ಸಿಡಿಯದಿರಲು ಹವಾ ಕಡಿಮೆ ಇಡಬೇಕು.

ವಾಸ್ತವ: ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಮಾತು ಜಾಣತನದಂತೆ ಕೇಳುತ್ತದೆ. ಫಲ ಮಾತ್ರ ಉಲ್ಟಾ. ಹವಾ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತವೆ. ಆ ಮಡಚುವಿಕೆಯೇ ಶಾಖ ಹುಟ್ಟಿಸುವುದು. ಸಿಡಿಯುವುದು ಹೆಚ್ಚಾಗಿ ಆ ಶಾಖದಿಂದ. ಮೆತ್ತಗಾದ ಪಕ್ಕೆಯ ಮೇಲೆ ಎತ್ತರದ ಗಾಡಿ ಓಲಾಡುವುದೂ ಖಚಿತ. ಕಂಪನಿ ಹೇಳಿದ ಅಳತೆ ತಣ್ಣನೆಯ ಟೈರಿಗೆ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ನೋಡಿ. ಮಧ್ಯಾಹ್ನ ಎಮ್ಮಿಗನೂರಿನಲ್ಲಿ ನಿಲ್ಲಿಸಿ ಗೇಜು ಹಿಡಿದರೆ ಹೆಚ್ಚು ತೋರಿಸಿಯೇ ತೋರಿಸುತ್ತದೆ, ಆ ಹವಾವನ್ನು ಹೊರಗೆ ಬಿಡಬೇಡಿ. ನೈಟ್ರೋಜನ್ ತುಂಬಿಸಿದರೆ ಸ್ಟೇರಿಂಗ್ ಸರಿಹೋಗುತ್ತದೆ ಎನ್ನುವವರಿಗೆ ಒಂದೇ ಉತ್ತರ: ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡ ನೈಟ್ರೋಜನ್.

ಶ್ರಾವಣದಿಂದ ಶ್ರಾವಣದವರೆಗೆ ನಿಂತೇ ಇರುವ ಗಾಡಿಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಮೈಮೇಲಿನ ಗೀರು ಇನ್ನೂ ಆಳವಿದೆ ಎಂದು ಸಮಾಧಾನಪಡಬೇಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ: 2219 ಎಂದಿದ್ದರೆ 2019ರ 22ನೇ ವಾರ ತಯಾರಾದದ್ದು. ಪಕ್ಕೆಯಲ್ಲಿ ಬಿರುಕು ಕಂಡರೆ ಅಲೈನ್‌ಮೆಂಟಿನ ದುಡ್ಡನ್ನು ಟೈರಿಗೆ ಎತ್ತಿಡಿ.

ತಪ್ಪು ಕಲ್ಪನೆ: ಕಂಪ್ಯೂಟರ್ ಮಿಷನ್ ಹಸಿರು ತೋರಿಸಿದರೆ ಮುಗಿಯಿತು, ದಾರ ಹಿಡಿದು ಅಳೆಯುವ ಹಳೇ ಮೇಸ್ತ್ರಿಗೆ ಏನೂ ಗೊತ್ತಿಲ್ಲ.

ವಾಸ್ತವ: ಇದರ ಉಲ್ಟಾ ಹೇಳುವವರೂ ಇದ್ದಾರೆ, ದಾರವೇ ದೇವರು ಎನ್ನುವವರು. ಎರಡೂ ಅರ್ಧ ಸತ್ಯ.

ಅಳೆಯುವ ಕೋನ ಮುಖ್ಯವಾಗಿ ಮೂರು. ಮುಂದಿನ ಎರಡು ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಗಾಲಿ ತಿರುಗುವ ಕೀಲಿನ ಮೇಲ್ತುದಿ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಟೈರು ತಿನ್ನುವುದು ಹೆಚ್ಚಾಗಿ ಟೋ. ಮುಂದಿನ ಗಾಲಿಗಳ ನಡುವಿನ ಅಂತರವನ್ನು ಮುಂಬದಿಯಲ್ಲೂ ಹಿಂಬದಿಯಲ್ಲೂ ಅಳೆದಾಗ ಇರಬೇಕಾದ್ದಕ್ಕಿಂತ 3 ಮಿಲಿಮೀಟರ್ ವ್ಯತ್ಯಾಸ ಬಂತು ಎನ್ನಿ. ಅಳೆದ ಜಾಗದಲ್ಲಿ ಗಾಲಿಯ ಅಡ್ಡಳತೆ 600 ಮಿಲಿಮೀಟರ್ ಇದ್ದರೆ, ಪ್ರತಿ ಕಿಲೋಮೀಟರಿಗೆ ಎರಡೂ ಟೈರು ಸೇರಿ 5 ಮೀಟರ್ ಅಡ್ಡಕ್ಕೆ ಉಜ್ಜುತ್ತವೆ. ಐವತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಕಾಲು ಕಿಲೋಮೀಟರ್ ಉಜ್ಜಾಟ.

ಮುಂದೆ ಒಂದೇ ಅಖಂಡ ಆಕ್ಸಲ್, ಸ್ಪ್ರಿಂಗ್ ಪಟ್ಟಿ ಇರುವ ಗಾಡಿಗಳಲ್ಲಿ ಟೈರಾಡ್ ತಿರುಗಿಸಿ ಬದಲಿಸಬಹುದಾದ್ದು ಟೋ ಒಂದೇ. ಅದನ್ನು ನುರಿತ ಮೇಸ್ತ್ರಿ ದಾರದಿಂದ, ಗೇಜಿನಿಂದ ಚೆನ್ನಾಗಿಯೇ ಅಳೆಯುತ್ತಾನೆ. ಕ್ಯಾಂಬರ್ ಆಕ್ಸಲ್‌ನೊಂದಿಗೇ ಬಂದದ್ದು. ಅದು ಬದಲಾಗಿದ್ದರೆ ಕಿಂಗ್‌ಪಿನ್ ಸವೆದಿದೆ ಅಥವಾ ಆಕ್ಸಲ್ ಬಾಗಿದೆ. ದಾರಕ್ಕೆ ಸಿಗದ್ದು ಕ್ಯಾಸ್ಟರ್. ದುರದೃಷ್ಟಕ್ಕೆ, ನೇರ ಓಡುವ ಸ್ಥಿರತೆಗೆ ಬೇಕಾದ್ದು ಅದೇ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈ ಬಿಟ್ಟರೂ ಗಾಲಿ ನೇರಕ್ಕೆ ಬರುತ್ತದಲ್ಲ, ಅದೇ ಗುಣ. ಕ್ಯಾಸ್ಟರ್ ಕಡಿಮೆಯಾದರೆ ಟೈರು ಅಷ್ಟಾಗಿ ಸವೆಯುವುದಿಲ್ಲ, ಹಾಗಾಗಿ ಟೈರು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಗಾಡಿ ಮಾತ್ರ ಅಲೆಯುತ್ತದೆ. ಎರಡೂ ಬದಿಯ ಕ್ಯಾಸ್ಟರ್ ಒಂದೇ ಇಲ್ಲದಿದ್ದರೆ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಓರೆ ಪಟ್ಟಿ ಕೊಟ್ಟು ಇದನ್ನು ತಿದ್ದುತ್ತಾರೆ. ಅಮೆರಿಕದಲ್ಲಿ ಫೋರ್ಡ್ ಇ-ಸರಣಿಯ ಚಾಸಿಯ ಮೇಲೆ ಕಟ್ಟಿದ ಮನೆಗಾಡಿಗಳಿಗೆ ಬುಷ್ ಬದಲಿಸಿ ಕ್ಯಾಸ್ಟರ್ ಹೆಚ್ಚಿಸುವುದು ಮಾಮೂಲಿ ಕೆಲಸ. ಅಲ್ಲಿಯವರ ದೂರೂ ಶಬ್ದಶಃ ನಮ್ಮದೇ. ಕಂಪನಿ ಕೊಟ್ಟ ಮಿತಿಯೊಳಗೆ ಹೆಚ್ಚಿನ ತುದಿಗೆ ಇಡಿಸುವುದು ಸರಿ. ಮಿತಿ ಮೀರಿದರೆ ಸ್ಟೇರಿಂಗ್ ಕಲ್ಲಾಗುತ್ತದೆ.

ಕಾರಿಗೆಂದು ಹಾಕಿದ ಮಿಷನ್ನಿನ ಮೇಲೆ ಉದ್ದದ ಗಾಡಿ ಸರಿಯಾಗಿ ಕೂರುವುದಿಲ್ಲ. ನಮ್ಮ ಗಾಡಿಯ ಅಳತೆ ಅದರಲ್ಲಿ ಇಲ್ಲದಿದ್ದರೆ ಹತ್ತಿರದ ಯಾವುದೋ ಗಾಡಿಯದನ್ನು ಹಾಕಿ ಹಸಿರು ತೋರಿಸುವವರೂ ಉಂಟು. ಲಾರಿ, ಬಸ್ಸಿನ ಕೆಲಸ ಮಾಡುವ ಶೆಡ್‌ಗೇ ಹೋಗಬೇಕು. 1953ರ ತನಕ ಆದವಾನಿ, ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಬದಲಾದರೂ ಊರಲ್ಲಿ ಆಗದ ಗಾಡಿ ಕೆಲಸಕ್ಕೆ ಬಳ್ಳಾರಿಯ ದಾರಿ ಹಿಡಿಯುವುದು ಬಿಟ್ಟುಹೋಗಿಲ್ಲ; ಈ ವಿಷಯದಲ್ಲಿ ಅದು ತಪ್ಪೂ ಅಲ್ಲ. ಹೋಗುವಾಗ ಗಾಡಿಯಲ್ಲಿ ಯಾತ್ರೆಯ ಭಾರ ಇರಲಿ. ಹಿಂಭಾಗ ಕೂತಾಗ ಚಾಸಿಯ ಓರೆ ಬದಲಾಗುತ್ತದೆ, ಜೊತೆಗೆ ಕ್ಯಾಸ್ಟರ್ ಕೂಡ. ಖಾಲಿ ಗಾಡಿಗೆ ಹೊಂದಿಸಿದ ಕೋನ ತುಂಬಿದ ಗಾಡಿಗೆ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ತಿರುಗುವುದು ಮುಂದಿನ ಗಾಲಿ, ಆದ್ದರಿಂದ ನೋಡಬೇಕಾದ್ದೂ ಮುಂದಿನದನ್ನೇ.

ವಾಸ್ತವ: ಹಿಂದಿನ ಸ್ಪ್ರಿಂಗ್ ಕಟ್ಟಿನ ನಡುವಿನ ಬೋಲ್ಟು ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಹಿಂದಿನ ಗಾಲಿಗಳು ಗಾಡಿಯನ್ನು ಓರೆಯಾಗಿ ತಳ್ಳುತ್ತವೆ, ಚಾಲಕ ಸ್ಟೇರಿಂಗ್ ಓರೆ ಹಿಡಿದು ನೇರ ಓಡಿಸುತ್ತಾನೆ. ಇದನ್ನು ಕಾಣಲು ನಮ್ಮ ಎರೆ ಮಣ್ಣಿನ ಹಸಿ ದಾರಿಗಿಂತ ಒಳ್ಳೆಯ ಜಾಗವಿಲ್ಲ. ನಿಧಾನವಾಗಿ ನೇರ ಓಡಿಸಿ, ಇಳಿದು ಹಿಂದೆ ಹೋಗಿ ಗುರುತು ನೋಡಿ. ಹಿಂದಿನ ಗಾಲಿಯ ಗುರುತು ಎರಡೂ ಬದಿಯಲ್ಲಿ ಮುಂದಿನದಕ್ಕೆ ಒಂದೇ ಲೆಕ್ಕದಲ್ಲಿ ಕೂಡಿರಬೇಕು. ಒಂದು ಕಡೆ ಒಳಕ್ಕೆ, ಒಂದು ಕಡೆ ಹೊರಕ್ಕೆ ಬಿದ್ದಿದ್ದರೆ ಆಕ್ಸಲ್ ಸರಿದಿದೆ. ಮುಂದಿನ ಗಾಲಿಗೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಇದು ಹೋಗದು.

ತಪ್ಪು ಕಲ್ಪನೆ: ಸ್ಟೇರಿಂಗ್ ಚಕ್ರ ಓರೆ ನಿಂತರೆ ಬಿಚ್ಚಿ ನೇರ ಕೂರಿಸಿದರೆ ಸಾಕು.

ವಾಸ್ತವ: ಅದು ಕಣ್ಣಿಗೆ ನೇರ. ಓರೆಗೆ ಕಾರಣವಾದ ದೋಷ ಕೆಳಗೆ ಹಾಗೇ ಇರುತ್ತದೆ, ಅದನ್ನು ಹೇಳುವ ಗುರುತು ಮಾತ್ರ ಅಳಿಸಿಹೋಗುತ್ತದೆ. ಬಿಚ್ಚಲು ಬಿಡಬೇಡಿ.

ತಪ್ಪು ಕಲ್ಪನೆ: ಎಲ್ಲ ಸರಿ ಮಾಡಿಸಿದ ಮೇಲೆ ಮನೆಗಾಡಿಯನ್ನು ಕಾರಿನಂತೆ ಓಡಿಸಬಹುದು.

ವಾಸ್ತವ: ಆಗದು. ಎತ್ತರ, ಅಗಲದ ಮಗ್ಗುಲು, ಮೇಲೆ ಹೇರಿದ ಭಾರ, ಇವು ಯಾವ ಶೆಡ್‌ನಲ್ಲೂ ಕರಗುವುದಿಲ್ಲ. ಗಂಟೆಗೆ 80ರಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ, 60ರಲ್ಲಿ ಸುಮಾರು 17. ಗಾಳಿಯ ಪೆಟ್ಟು ಬಿದ್ದು ಕೈ ತಿದ್ದಿಕೊಳ್ಳುವ ಹೊತ್ತಿಗೆ, ಸೆಕೆಂಡಿಗೆ ಸುಮಾರು 5 ಮೀಟರಿನ ಈ ವ್ಯತ್ಯಾಸವೇ ಎದುರಿನ ಲಾರಿಯಿಂದ ನಮ್ಮನ್ನು ಉಳಿಸಬಹುದು. ಬಾಡಿಗೆ ಗಾಡಿಗಳಿಗೆ 80ಕ್ಕೆ ಕಟ್ಟಿದ ಸ್ಪೀಡ್ ಗವರ್ನರನ್ನು ಬಿಚ್ಚಿಸಿ, ಆಮೇಲೆ ಸ್ಟೇರಿಂಗ್ ನಿಲ್ಲುತ್ತಿಲ್ಲ ಎಂದು ಶೆಡ್‌ಗೆ ಬರುವವರಿಗೆ ಯಾವ ಮೇಸ್ತ್ರಿಯೂ ಉತ್ತರ ಕೊಡಲಾರ.

ಗಾಳಿ ಎದ್ದ ದಿನ 60ರ ಮೇಲೆ ಹೋಗಬೇಡಿ. ಕ್ಯಾರಿಯರ್‌ನ ಗಂಟನ್ನು ಒಳಕ್ಕೆ ತೆಗೆದುಕೊಳ್ಳಿ. ಶೆಡ್‌ನಿಂದ ಹೊರಡುವ ಮುನ್ನ ಕೆಲಸಕ್ಕೆ ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಚೀಟಿ ಕೇಳಿ ಇಸಿದುಕೊಳ್ಳಿ; ಅದರಲ್ಲಿ ಕ್ಯಾಸ್ಟರ್ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ದುಡ್ಡು ಕೊಡುವ ಮೊದಲೇ ಕೇಳಿ.